ಗೂಟವೂ ಎಳೆಯುತ್ತದೆ

ಬುಕ್ಕಾಂಬುಧಿ
೩೦-೮-೧೯೮೨

ನಮ್ಮ ಭಾಗುವಿನ ಅಪ್ಪನಿಗೆ, ಈರಕ್ಕನ ನಮಸ್ಕಾರಗಳು.

ನಿಮ್ಮ ಹಿಮ್ಮಡಿಯ ಬಿರುಕು ಮಾಯಿತೇ? ಹಿರಿಯೂರಿನ ಕಡೆ ಮಳೆ ಕಡಿಮೆಯೆಂದು ಮಂದೆ ಹೊಡೆದುಕೊಂಡು ಹೋದವರು, ಕುರಿಗಳ ಕಾಲು ನೋಡಿಕೊಂಡಷ್ಟೇ ನಿಮ್ಮ ಕಾಲನ್ನೂ ನೋಡಿಕೊಳ್ಳಿ. ಭಾಗುವಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಆದರೂ ಹುರಿದ ಜೋಳವೇ ಬೇಕೆಂದು ಹಟ. ಅತ್ತೆಯ ಕೆಮ್ಮು ಇಳಿದಿದೆ, ಬೈಗುಳ ಇಳಿದಿಲ್ಲ. ಕೆರೆ ಕೋಡಿ ಬೀಳಲು ಇನ್ನೊಂದು ಗೇಣು ಬಾಕಿ.

ನಿಮ್ಮ ಕಾಗದ ತಲುಪಿತು. ಎರಡು ಸಲ ಎಸ್ಸೆಸ್ಸೆಲ್ಸಿ ಬರೆದಾಯಿತು, ಎರಡು ಸಲವೂ ವಿಜ್ಞಾನ ಕೈಕೊಟ್ಟಿತು, ಇನ್ನು ಪುಸ್ತಕ ಅಟ್ಟಕ್ಕೆ ಹಾಕು ಎಂದು ಬರೆದಿದ್ದೀರಿ. ಸುಳ್ಳೇಕೆ, ಓದಿ ಅತ್ತುಬಿಟ್ಟೆ. ಆಮೇಲೆ ಕೋಪವೂ ಬಂತು. ನರ್ಸ್ ತರಬೇತಿಗೆ ಎಸ್ಸೆಸ್ಸೆಲ್ಸಿ ಪಾಸಾಗಿ ಮೂವತ್ತು ತುಂಬುವುದರೊಳಗೆ ಸೇರಬೇಕು, ನನಗೆ ಬರುವ ಯುಗಾದಿಗೆ ಮೂವತ್ತು. ಭಾಗು ಹುಟ್ಟಿದ ದಿನ ಅಜ್ಜಂಪುರದಿಂದ ನರ್ಸಮ್ಮ ಬರುವವರೆಗೆ ನೀವು ಬಾಗಿಲ ಹೊರಗೆ ಕೂತು ಅಳುತ್ತಿದ್ದದ್ದು ನನಗೆ ಒಳಗೆ ಕೇಳಿಸುತ್ತಿತ್ತು. ಅದನ್ನು ನೀವು ಮರೆತಿರಬಹುದು, ನಾನು ಮರೆತಿಲ್ಲ.

ಹೋದ ಸಲ ನನ್ನನ್ನು ಕೆಡವಿದ ಲೆಕ್ಕ ಯಾವುದು ಗೊತ್ತೇ? ಒಂದು ಹಗ್ಗವನ್ನು ಎರಡೂ ಕಡೆಯಿಂದ ಎಂಟೆಂಟು ಕಿಲೋ ಬಲದಿಂದ ಎಳೆದರೆ ಹಗ್ಗದ ಬಿಗಿತ ಎಷ್ಟು ಎಂದು. ಇಂಗ್ಲಿಷಿನಲ್ಲಿ ಅದಕ್ಕೆ ಟೆನ್ಷನ್ ಅನ್ನುತ್ತಾರೆ. ಎಂಟೂ ಎಂಟೂ ಹದಿನಾರು ಎಂದು ಬರೆದು ಬಂದೆ. ಉತ್ತರ ಬರೀ ಎಂಟು. ಅದಕ್ಕೆ ನಾಲ್ಕು ಅಂಕ, ನಾನು ನಪಾಸಾದದ್ದು ಮೂರು ಅಂಕದಲ್ಲಿ. ಯಾಕೆ ಎಂಟು ಎಂದು ಎಷ್ಟು ಉರುಹೊಡೆದರೂ ತಲೆಗೆ ಹೋಗಿರಲಿಲ್ಲ. ಮೊನ್ನೆ ಮಳೆ ಬಿಡುವು ಕೊಟ್ಟಾಗ ಕಂಬಳಿಯ ಹಾಸು, ಅಂದರೆ ಉದ್ದೆಳೆಯ ನೂಲನ್ನು, ಅಂಗಳದಲ್ಲಿ ಕಟ್ಟಿ ಹುಣಸೆಬೀಜದ ಗಂಜಿ ಬಳಿಯುತ್ತಿದ್ದೆವು. ಆ ತುದಿ ಗೂಟಕ್ಕೆ, ಈ ತುದಿಯ ಹಗ್ಗ ನನ್ನ ಕೈಯಲ್ಲಿ. ನಾನೊಬ್ಬಳೇ ಎಳೆದು ಸಾಯುತ್ತಿದ್ದೇನೆ, ಗೂಟ ಸುಮ್ಮನೆ ನಿಂತಿದೆ ಎಂದು ಗೊಣಗಿದೆ. ಅತ್ತೆ ಗಂಜಿಯ ಬ್ರಷ್ಷು ಎತ್ತಿ, “ಸುಮ್ನೆ ನಿಂತೈತೆ ಅಂದ್ಕಂಡಿದ್ದೀಯೇನೇ? ನೀನು ಎಳ್ದಷ್ಟು ಅದೂ ಆ ಕಡೀಕೆ ಎಳೀತೈತೆ ಕಣೇ. ಇಲ್ದಿದ್ರೆ ಹಾಸು ಸಮೇತ ನಿನ್ ಮ್ಯಾಲೇ ಬಂದ್ಬೀಳ್ತಿತ್ತು” ಅಂದರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು! ಉಣ್ಣೆ ತೂಗುವ ನಿಮ್ಮ ಸ್ಪ್ರಿಂಗ್ ತಕ್ಕಡಿ ತಂದು ನನ್ನ ತುದಿಗೆ ಸಿಕ್ಕಿಸಿ ಎಳೆದೆ. ಮುಳ್ಳು ಎಂಟಕ್ಕೆ ನಿಂತಿತು. ನಾನು ನಿಂತ ಜಾಗಕ್ಕೆ ನೆಲದ ಮೇಲೆ ಗೆರೆ ಹಾಕಿ, ತಕ್ಕಡಿಯನ್ನು ಗೂಟದ ಕಡೆಗೆ ಸಿಕ್ಕಿಸಿ, ಮತ್ತೆ ಗೆರೆಯ ಮೇಲೆ ನಿಂತು ಎಳೆದೆ. ಅಲ್ಲೂ ಎಂಟು! ಗೂಟದಿಂದ ಬಿಚ್ಚಿ ಆ ತುದಿಯನ್ನು ಅತ್ತೆಯ ಕೈಗೆ ಕೊಟ್ಟರೂ ಎಂಟೇ. ಅವರೂ ಎಂಟು ಎಳೆಯದಿದ್ದರೆ ನನ್ನ ಎಂಟು ಎಲ್ಲಿ ನಿಲ್ಲಬೇಕು? ಗೂಟ ಎಳೆದರೂ ಅತ್ತೆ ಎಳೆದರೂ ಹಗ್ಗದ ಬಿಗಿತ ಅದೇ ಎಂಟು, ಹದಿನಾರಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಅಂಗಳದಲ್ಲೇ ಕುಣಿದೆ. ಕುಣಿಯುವಾಗ ಹಾಸಿನ ಹನ್ನೆರಡು ಎಳೆ ಕಿತ್ತುಹೋದವು, ಅತ್ತೆ ಬೈಯುತ್ತಲೇ ಗಂಟು ಹಾಕಿದರು. ಕಂಬಳಿ ಒಂದು ವಾರ ತಡವಾಗಬಹುದು, ಅದಕ್ಕೆ ಮುಖ ಊದಿಸಿಕೊಳ್ಳಬೇಡಿ.

ಬೀರದೇವರು ನಿಮ್ಮನ್ನೂ ಮಂದೆಯನ್ನೂ ತಣ್ಣಗಿಟ್ಟಿರಲಿ. ಭಾಗು ಕಾಗದದ ಮೂಲೆಯಲ್ಲಿ ಕುರಿಮರಿ ಬರೆದಿದ್ದಾಳೆ, ಅದು ಬೆಕ್ಕಲ್ಲ.

ಇಂತಿ,
ನಿಮ್ಮ ಈರಕ್ಕ

ವಿ.ಸೂ.: ಟಪಾಲಿನವರು ಬಾಗಿಲಲ್ಲೇ ನಿಂತಿದ್ದಾರೆ, ಹೇಳಿಬಿಡುತ್ತೇನೆ. ನಿಮ್ಮ ಕಾಗದ ಬರುವ ಮೊದಲೇ ನಾನು ಮೂರನೇ ಸಲಕ್ಕೆ ಪರೀಕ್ಷೆ ಕಟ್ಟಿಯಾಗಿತ್ತು. ಅರ್ಜಿ ಹಿಡಿದು ಅಜ್ಜಂಪುರಕ್ಕೆ ನಡೆದವರು ನಿಮ್ಮ ತಾಯಿ, ಧೈರ್ಯವಿದ್ದರೆ ಅವರನ್ನು ಬೈಯಿರಿ. ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ ತರೀಕೆರೆಯಲ್ಲಿ ವಿಜ್ಞಾನ. ಮಂದೆ ಬಿಟ್ಟು ಬರಬೇಡಿ. ಒಂದು ಕಾರ್ಡಿನಲ್ಲಿ ‘ಹೋಗಿ ಬಾ’ ಎಂದು ಬರೆದು ಹಾಕಿ, ಅಷ್ಟು ಸಾಕು. ಆ ತುದಿ ನೀವು ಹಿಡಿದಿದ್ದರೆ ಈ ತುದಿ ನಾನು ಎಳೆಯುತ್ತೇನೆ.