ಹೆಬ್ಬೆಟ್ಟಿನ ಒಪ್ಪಿಗೆ

ಆರೈಕೆ ಮನೆ, ನಾಲ್ಕನೇ ಕೋಣೆ
ಅರಸೀಕೆರೆ
12 ಫೆಬ್ರುವರಿ 2025

ಮಹಾ ಬುದ್ಧಿವಂತೆ ಮಗಳು ಮಂಜುಳಾಗೆ, ಹೆಬ್ಬೆಟ್ಟಿನ ಅವ್ವ ಮಾಡುವ ಆಶೀರ್ವಾದ.

ನಾನಿನ್ನೂ ಸತ್ತಿಲ್ಲ. ಯುಗಾದಿಯವರೆಗೆ ಇರಬಹುದು ಎಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ನಿನಗೆ ನಾಲ್ಕು ಮಾತು ಹೇಳಿ ಮುಗಿಸಬೇಕು.

ಹೋದ ವಾರ ಸೋಮವಾರ ನೋವಿನ ಔಷಧಿಯ ಮಂಪರು ಇಳಿದು ಕಣ್ಣು ಬಿಟ್ಟರೆ ನನ್ನ ಎಡಗೈ ಹೆಬ್ಬೆರಳು ನೀಲಿಯಾಗಿತ್ತು. ಎದುರು ಗೋಡೆಯಲ್ಲಿ ಕ್ಯಾಮೆರಾ ಕೂತಿತ್ತು. ನೀನೂ ನಿನ್ನ ಗಂಡನೂ ಬೇಲೂರಿನ ಬಸ್ಸು ಹತ್ತಿಯಾಗಿತ್ತು. ಮಂಚಕ್ಕೆ ನೇತುಹಾಕಿದ್ದ ಫೈಲು ತರಿಸಿಕೊಂಡು ಓದಿದೆ. ಮನೆಯವರು ನನ್ನನ್ನು ಸದಾ ಮೊಬೈಲಿನಲ್ಲಿ ನೋಡುತ್ತಿರಲು ನಾನು ಸ್ವಇಚ್ಛೆಯಿಂದ ಒಪ್ಪಿದ್ದೇನಂತೆ. ಕೆಳಗೆ ನನ್ನ ಹೆಬ್ಬೆಟ್ಟು. ಸಾಕ್ಷಿ, ನೀನು.

ಮೂವತ್ತೊಂದು ವರ್ಷ ಪಾಠ ಹೇಳಿದವಳು ಕಣೇ ನಾನು! ಕಣಕಟ್ಟೆಯಲ್ಲಿ ನಮ್ಮ ಕೇರಿಯ ಹೆಂಗಸರಿಗೆಲ್ಲ ಸಹಿ ಕಲಿಸಿದವಳು. ನನ್ನವ್ವ ಎಪ್ಪತ್ತನೇ ವಯಸ್ಸಿನಲ್ಲಿ ತನ್ನ ಹೆಸರು ಬರೆದು, ಆ ಸ್ಲೇಟನ್ನು ಮೂರು ದಿನ ಯಾರಿಗೂ ಅಳಿಸಗೊಡಲಿಲ್ಲ. ಅಂಥವಳ ಮಗಳ ಬೆರಳನ್ನು ನಿದ್ದೆಯಲ್ಲಿ ಹಿಡಿದು ಒತ್ತಿಸಿದೆಯಲ್ಲ. ಓದಿ ಓದಿ ಮರುಳಾದ ಕೂಚಂಭಟ್ಟ ಎನ್ನುವುದು ನಿನ್ನಂಥವರನ್ನು ನೋಡಿಯೇ.

ಎಲ್ಲಾ ನಿಮ್ಮ ಒಳ್ಳೆಯದಕ್ಕೇ ಅತ್ತೆ ಎಂದು ನಟರಾಜ್ ಫೋನಿನಲ್ಲಿ ಉಪದೇಶ ಮಾಡಿದ. ಗುರುವಾರ ಆ ಘನ ಅಳಿಯನೇ ಮತ್ತೆ ಫೋನು ಮಾಡಿ, ನರ್ಸ್ ಹೇಮಲತಾ ನನ್ನ ಬೆನ್ನನ್ನು ಸರಿಯಾಗಿ ಒರೆಸಲಿಲ್ಲ ಎಂದು ಗದರಿದ. ಬೆನ್ನಲ್ಲಿ ಹುಣ್ಣೈತೆ ಕಣ್ರೀ, ಅದ್ಕೇ ಮೆಲ್ಲಗೆ ಒರೆಸ್ದೆ ಎಂದು ಆ ಹುಡುಗಿ ಅತ್ತಳು. ಸೆರಗು ಜಾರದಂತೆ ಬದುಕಿದವಳು ನಾನು. ಅಳಿಯ ಆಫೀಸಿನಲ್ಲಿ ಕೂತು ನನ್ನ ಬೆತ್ತಲೆ ಬೆನ್ನಿನ ತನಿಖೆ ಮಾಡುತ್ತಾನೆ. ಥೂ!

ಬುದ್ಧಿ ನೆಟ್ಟಗಿರುವವಳ ಪರವಾಗಿ ಒಪ್ಪಿಗೆ ಕೊಡಲು ಹೆತ್ತ ಮಗಳಿಗೂ ಹಕ್ಕಿಲ್ಲ. ಹಾಗೆಂದು ಡಾಕ್ಟರಿಗೆ ಅರ್ಜಿ ಬರೆದುಕೊಟ್ಟೆ. ವಿಚಾರಿಸದೆ ತಪ್ಪು ಮಾಡಿದೆವು ಎಂದು ಒಪ್ಪಿಕೊಂಡರು. ನಾಳೆ ಕ್ಯಾಮೆರಾ ಬಿಚ್ಚುತ್ತಾರೆ. ನಿನ್ನವ್ವನ ಸಹಿ ಹೇಗಿರುತ್ತದೆಂದು ಕೆಳಗೆ ನೋಡಿಕೋ.

ಇಂತಿ, ಸ್ವಹಸ್ತದಿಂದ,
ಕೆ. ಚಲುವಮ್ಮ
ನಿವೃತ್ತ ಶಿಕ್ಷಕಿ

ಮರೆತಿದ್ದೆ: ಬೈದದ್ದೆಲ್ಲ ನಿಜ. ಆದರೆ ಮೊದಲ ಮೂರು ದಿನ ನಾನು ಹೇಮಲತಾಳಿಂದ ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ, ಆ ಕ್ಯಾಮೆರಾದ ಕಡೆಗೇ ಮುಖ ಮಾಡಿ ಕೂತಿದ್ದೆ, ನೀನು ನೋಡುತ್ತೀಯೆಂದು. ಯಾರು ಎಷ್ಟು ಸಲ ನೋಡಿದರೆನ್ನುವುದು ಅವಳ ಮೊಬೈಲಿನಲ್ಲಿ ಬರುತ್ತದಂತೆ. ನಟರಾಜ್ ಹದಿನೇಳು ಸಲ. ನಿನ್ನ ಹೆಸರಿನ ಮುಂದೆ ಸೊನ್ನೆ.