ಬಾಯಿಮಾತಿಗೆ ಮುಂಚಿನ ನಗು

ಗದಗ, ಬೆಟಗೇರಿ ಓಣಿ
ಗಾಳಿತಿಂಗಳ ಇಪ್ಪತ್ತಾರು, ಇಸವಿ ೨೧೬೪

ಸನ್ನಿಧಿಯ ತಾಯಿಯವರಿಗೆ,

ಮೇಲಿನ ತಾರೀಖು ನೋಡಿ ಕಾಗದವನ್ನು ಬಿಸಾಡಬೇಡಿ. ಗಾಳಿತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ನನಗೆ ಗೊತ್ತು. ಮಳೆ ತನ್ನ ಜಾಗ ಬಿಟ್ಟು ಮುಂದೆ ಸರಿದ ಮೇಲೆ ನಮ್ಮವರು ಉಳಿದ ತಿಂಗಳುಗಳಿಂದ ಎರಡು ಮೂರು ದಿನ ಕಿತ್ತು, ಜೂನ್ ಮತ್ತು ಜುಲೈ ನಡುವೆ ಇದೊಂದನ್ನು ತುರುಕಿದರು. ಕಪ್ಪತಗುಡ್ಡದ ಕಡೆಯಿಂದ ಬರುವ ಗಾಳಿಗೆ ಈ ತಿಂಗಳು ಪೂರ್ತಿ ಬಾಗಿಲು ದಡಬಡ ಅನ್ನುತ್ತಿರುತ್ತದೆ. ಬಾಗಿಲು ಬಡಿದಾಗೊಮ್ಮೆ ಕೂಸು ಬೆಚ್ಚುತ್ತದೆ, ಕೂಸು ಬೆಚ್ಚಿದಾಗೊಮ್ಮೆ ನಾನು. ನಿದ್ದೆಗೆಟ್ಟ ತಲೆಯಿಂದ ಬರೆಯುತ್ತಿದ್ದೇನೆ. ಮಾತು ಅಲ್ಲಲ್ಲಿ ಹಿಂದುಮುಂದಾದರೆ, ಕೆಲವು ಪದಗಳು ವಿಚಿತ್ರವಾಗಿ ಕೇಳಿದರೆ, ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯುತ್ತಿಲ್ಲ. ನೀವು ನನ್ನ ಅಜ್ಜಿಯ ಅಜ್ಜಿಯ ತಾಯಿ. ಆದರೆ ಈ ಕಾಗದ ತಲುಪುವ ಹೊತ್ತಿಗೆ ನೀವು ನನ್ನಷ್ಟೇ ವಯಸ್ಸಿನವರು, ತೊಡೆಯ ಮೇಲೆ ಕೂಸು ಇಟ್ಟುಕೊಂಡವರು. ನಿಮ್ಮ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ನಿಮ್ಮ ಮಗಳದು ಮಾತ್ರ ಉಳಿದಿದೆ. ಸನ್ನಿಧಿ ಎಂದರೆ ನಿಮ್ಮ ಕಾಲಕ್ಕೆ ಹೊಸ ಹೆಸರಿರಬಹುದು; ನಮ್ಮ ಕಾಲಕ್ಕೆ ಅದು ಕೋಲು ಹಿಡಿದು ಕಟ್ಟೆಯ ಮೇಲೆ ಕೂತ ಮುದುಕಿಯರ ಹೆಸರು. ನನ್ನ ಹೆಸರು ಮಹಾನಂದಾ. ಮಗಳು ಮುಕ್ತಾ. ಈಗಷ್ಟೇ ಅಂಬೆಗಾಲಿಡುತ್ತಿದ್ದಾಳೆ. ಈ ಮಧ್ಯಾಹ್ನ ಅವಳು ಮಲಗಿದ್ದಾಳೆ ಎಂಬ ಧೈರ್ಯದ ಮೇಲೆ ಬರೆಯಲು ಕೂತಿದ್ದೇನೆ. ನಾನು ಓದಿದ ಧಾರವಾಡದ ಕಾಲೇಜಿನವರು ನಡೆಸುವ ಹಿನ್ನಡೆ ಅಂಚೆ ಎಂಬುದೊಂದಿದೆ, ಅದರ ಡಬ್ಬಿ ನಮ್ಮ ಓಣಿಯಲ್ಲೂ ಇದೆ. ಅದರಲ್ಲಿ ಒಂದು ಹಾಳೆಯನ್ನು ಹಿಂದಿನ ಕಾಲಕ್ಕೆ ಕಳಿಸಬಹುದು, ಆದರೆ ಅಲ್ಲಿಂದ ಏನನ್ನೂ ತರಿಸಿಕೊಳ್ಳಲು ಆಗುವುದಿಲ್ಲ. ಅಲ್ಲಿಂದ ಏನೇ ಬರಬೇಕಾದರೂ ಎಲ್ಲರಂತೆ ವರ್ಷಗಳ ದಾರಿಯಲ್ಲೇ ನಡೆದು ಬರಬೇಕು.

ನಿಮಗೇ ಬರೆಯಲು ಕಾರಣವಿದೆ. ಮುಕ್ತಾಳ ಮೇಲಿನ ತುಟಿ ಮೂಗಿನ ಹೊಳ್ಳೆಯವರೆಗೂ ಸೀಳಿದೆ, ಬಾಯೊಳಗಿನ ಅಂಗುಳವೂ ಸೀಳಿದೆ. ನಿಮ್ಮ ಸನ್ನಿಧಿಯದೂ ಹೀಗೇ ಇತ್ತಂತೆ. ನೂರಾ ನಲವತ್ತು ವರ್ಷ ಕಳೆದ ಮೇಲೆ ಇಂಥದ್ದೆಲ್ಲ ಬಸುರಿನಲ್ಲೇ ಸರಿಹೋಗುತ್ತಿರಬೇಕು ಎಂದು ನೀವು ಅಂದುಕೊಂಡಿರುತ್ತೀರಿ. ಹಾಗೇನೂ ಆಗಿಲ್ಲ. ಪ್ರಯತ್ನ ಮಾಡಿ, ಅಪಾಯವೆಂದು ಬಿಟ್ಟರು. ಇವತ್ತಿಗೂ ಹಾಲು ಮೂಗಿನಿಂದಲೇ ಹೊರಗೆ ಬರುತ್ತದೆ. ಇವತ್ತಿಗೂ ಕೂಸನ್ನು ನೆಟ್ಟಗೆ ಕೂರಿಸಿ, ಹಾಲಿನ ಒಳಲೆಯ ಮೂತಿಯನ್ನು ಕೆನ್ನೆಯ ಒಳಬದಿಗೆ ತಾಗಿಸಿ, ಹನಿಹನಿಯಾಗಿ ಕುಡಿಸಬೇಕು. ಒಂದು ಸಲ ಕುಡಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಸಲದ ಹೊತ್ತಾಗಿರುತ್ತದೆ. ಜೊತೆಗೆ ಕಿವಿ ಸೋರುವುದು ಬೇರೆ. ಗ್ರಹಣದ ದಿನ ಹೊರಗೆ ಹೋಗಿದ್ದೆಯಾ ಎಂದು ನಿಮ್ಮನ್ನು ಯಾರೋ ಕೇಳುತ್ತಿರಬಹುದು. ನನ್ನನ್ನೂ ಕೇಳಿದರು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ನೀವು ತಿಂದದ್ದಕ್ಕೂ ತಿನ್ನದೇ ಇದ್ದದ್ದಕ್ಕೂ ಸಂಬಂಧವಿಲ್ಲ. ಇಷ್ಟನ್ನು ಮುಂದಿನ ಕಾಲದವಳಾಗಿ ಹೇಳುತ್ತಿದ್ದೇನೆ, ದಯವಿಟ್ಟು ನಂಬಿ. ಹೇಳಿದವರ ಮುಖಕ್ಕೆ ಈ ಕಾಗದ ಹಿಡಿದರೂ ನನ್ನ ಅಭ್ಯಂತರವಿಲ್ಲ.

ನಮ್ಮಲ್ಲಿ ಮುಖದ ವಿಷಯ ಯಾಕೆ ಇಷ್ಟು ಗಡಿಬಿಡಿಯದು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಅಜ್ಜಿ ಹುಟ್ಟಿದ ಕಾಲದಲ್ಲಿ ಮುಖ ತಿದ್ದುವುದು ಕಿವಿ ಚುಚ್ಚಿಸಿದಷ್ಟು ಸಲೀಸಾಗಿತ್ತು. ಹೆತ್ತವರು ಒಂದು ಪಟದಲ್ಲಿ ಮೂಗು, ಗದ್ದ, ಕೆನ್ನೆ ಆರಿಸಿ ಕೊಟ್ಟರೆ ಸಾಕು, ಶಾಲೆಗೆ ಸೇರುವ ಮುಂಚೆ ಮಕ್ಕಳ ಮುಖ ಹಾಗೇ ಆಗುತ್ತಿತ್ತು. ಎಲ್ಲರೂ ಅದೇ ನಾಲ್ಕು ಮೂಗು ಆರಿಸಿದರು. ಅವರನ್ನು ಈಗ ಒಂದೇ ಮುಖದ ತಲೆಮಾರು ಎನ್ನುತ್ತೇವೆ. ನನ್ನ ಅಜ್ಜಿ, ಅವಳ ತಂಗಿ, ಎದುರುಮನೆಯ ಮುದುಕಿ, ಮೂವರೂ ಕಟ್ಟೆಯ ಮೇಲೆ ಕೂತರೆ ಓಣಿಯ ಸಣ್ಣ ಮಕ್ಕಳು ಯಾರ ತೊಡೆಗೆ ಹೋಗಬೇಕೆಂದು ತಿಳಿಯದೆ ಸೀರೆಯ ಬಣ್ಣ ನೋಡುತ್ತಾರೆ. ತನ್ನ ಅವ್ವನ ಮೂಗು ತನಗಿತ್ತೋ ಇಲ್ಲವೋ ಎಂದು ಅಜ್ಜಿಗೆ ಇವತ್ತಿಗೂ ಗೊತ್ತಿಲ್ಲ. ಆ ತಲೆಮಾರಿನವರು ದೊಡ್ಡವರಾದ ಮೇಲೆ ಮಾಡಿದ ಕಟ್ಟಳೆಯೇ ಬಾಯಿಮಾತು. ಮುಖದ ಒಡೆಯರು ಯಾರೋ ಅವರೇ ತಮ್ಮ ಬಾಯಿಂದ ಹೇಳುವವರೆಗೂ ಆ ಮುಖಕ್ಕೆ ಯಾರೂ ಕತ್ತರಿ ತಾಗಿಸುವಂತಿಲ್ಲ. ಅದರ ಚಿತ್ರವನ್ನೂ ತೆಗೆಯುವಂತಿಲ್ಲ. ಕೂಸುಗಳ ಚಿತ್ರ ನಮ್ಮ ಕಾಲದಲ್ಲಿ ಇಲ್ಲವೇ ಇಲ್ಲ. ಕೇಳಿದರೆ ಹೇಳಲು ಕೂಸಿಗೆ ಬಾಯಿ ಬಂದಿರುವುದಿಲ್ಲವಲ್ಲ.

ಕಟ್ಟಳೆ ಕೆಟ್ಟದ್ದೆಂದು ನಾನು ಹೇಳಲಾರೆ. ಅದರಿಂದ ಒಳ್ಳೆಯದಾದದ್ದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ನನ್ನ ಅಕ್ಕ ಸುಗಂಧಾ ಹುಟ್ಟಿದಾಗ ಎಲ್ಲರೂ ಅವಳನ್ನು ಗಂಡುಮಗು ಎಂದುಕೊಂಡಿದ್ದರು. ಅವಳ ಆಗಿನ ಹೆಸರನ್ನು ನಾವು ಯಾರೂ ಆಡುವುದಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ದೊಡ್ಡವಳಾದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ತನ್ನ ಬಾಯಿಮಾತು ಹೇಳಿದಳು. ಹುಬ್ಬಿನ ಎಲುಬು ತಗ್ಗಬೇಕು, ದವಡೆ ಕಿರಿದಾಗಬೇಕು, ಗಂಟಲಿನ ಉಬ್ಬು ಹೋಗಬೇಕು ಎಂದಳು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ, ಮತ್ತೆ ಮುರಿದ. ಬಾಯಿಮಾತು ಆದ ಮೇಲೆ ಯಾಕೆ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ನಮ್ಮಲ್ಲಿ ಮುಖ ಬದಲಾಗುವ ಹಿಂದಿನ ದಿನ ಮಾರಿ ತೊಳೆಯುವುದು ಎಂದು ಮಾಡುತ್ತೇವೆ. ಮನೆಯವರು ಒಬ್ಬೊಬ್ಬರಾಗಿ ಉಗುರುಬೆಚ್ಚನೆ ನೀರಿನಿಂದ ಆ ಮುಖವನ್ನು ತೊಳೆದು ಒಂದೊಂದು ಮಾತು ಹೇಳುತ್ತಾರೆ, ಕೊನೆಯ ಮಾತು ಮುಖದ ಒಡೆಯರದು. ಆಮೇಲೆ ಕೆಮ್ಮಣ್ಣಿನಲ್ಲಿ ಮುಖದ ಅಚ್ಚು ತೆಗೆಯುತ್ತಾರೆ. ಕೆಲವರು ಅದನ್ನು ಅಲ್ಲೇ ಒಡೆಯುತ್ತಾರೆ, ಕೆಲವರು ಇಟ್ಟುಕೊಳ್ಳುತ್ತಾರೆ, ಅದೂ ಅವರಿಚ್ಛೆ. ಅಕ್ಕ ಇಟ್ಟುಕೊಂಡಳು. ಅದನ್ನು ಬಾಗಿಲ ಹಿಂದೆ ತೂಗುಹಾಕಿ ಅದರ ಮೂಗಿಗೆ ಸಂತೆಯ ಚೀಲ ಸಿಗಿಸುತ್ತಾಳೆ. ‘ಇಷ್ಟ ವರ್ಷ ನನಗ ಭಾರಾಗಿತ್ತು, ಈಗ ಅದ ಹೊರಲಿ’ ಎನ್ನುತ್ತಾಳೆ. ಬಾವು ಇಳಿದು ಕನ್ನಡಿ ನೋಡಿಕೊಂಡ ದಿನ ಅವಳು ಅತ್ತದ್ದನ್ನೂ, ಆಮೇಲೆ ಹೊಟ್ಟೆ ತುಂಬ ಉಂಡು ಮಲಗಿದ್ದನ್ನೂ ನಾನು ನೋಡಿದ್ದೇನೆ. ಮುಖವನ್ನು ಕತ್ತರಿಸಿದರೂ ದನಿ ತಾನಾಗಿ ಬರುವುದಿಲ್ಲ; ಅದನ್ನು ಅಕ್ಕ ವರ್ಷಗಟ್ಟಲೆ ಕಲಿತಳು. ಕಲಿತದ್ದು ಎಷ್ಟರಮಟ್ಟಿಗೆ ಎಂದರೆ ಈಗ ಬೆಟಗೇರಿಯ ಮುಖಶಾಲೆಯಲ್ಲಿ, ಎಂದರೆ ಮುಖದ ಆಸ್ಪತ್ರೆಯಲ್ಲಿ, ಗಂಟಲಿನ ಗಡ್ಡೆ ತೆಗೆಸಿಕೊಂಡವರಿಗೂ ದವಡೆ ಕಳೆದುಕೊಂಡವರಿಗೂ ಮತ್ತೆ ಮಾತಾಡಲು ಕಲಿಸುವುದೇ ಅವಳ ಕೆಲಸ.

ಮುಕ್ತಾಳ ತುಟಿಯನ್ನು ಕೆಲವೇ ತಿಂಗಳಿಗೆ ಮುಚ್ಚಬೇಕಿತ್ತು. ಮುಖಶಾಲೆಯ ಡಾಕ್ಟರ್ ಜುಲೇಖಾ ನದಾಫ್ ಆಗಲೇ ಹೇಳಿದ್ದರು. ಆದರೆ ಓಣಿಯ ಹಿರಿಯರು ಬಾಯಿಮಾತು ಎಲ್ಲಿ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ನನ್ನ ಅಜ್ಜಿ ಹೇಳಿದಳು: ‘ನನ್ನ ಮಾರಿ ನನ್ನ ಕೇಳದ ಕೆತ್ತಿದ್ರು. ಈ ಕೂಸಿಗೆ ಯಾರೂ ಕೈ ಹಚ್ಚಬ್ಯಾಡ್ರಿ. ದೊಡ್ಡಾಕಿ ಆಗಿ ತಾನ ಹೇಳಲಿ.’ ಅಜ್ಜಿಯ ಆ ಮುಖ ನೋಡಿ ನಾನು ಕೂಸನ್ನು ಎತ್ತಿಕೊಂಡು ಒಳಗೆ ಬಂದೆ. ಗಂಡ ಈರಣ್ಣನನ್ನು ಕೇಳಿದರೆ, ‘ನೀ ಹೆಂಗಂತಿ ಹಂಗ’ ಎಂದು ಹಾಲು ಕಾಸಲು ಹೋದ. ಒಳ್ಳೆಯ ಮನುಷ್ಯ, ಆದರೆ ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹೀಗೆ ದಿನ ದೂಡುತ್ತಾ ಬಂದೆವು. ಇನ್ನು ಅಂಗುಳವನ್ನಾದರೂ ಮಾತು ಶುರುವಾಗುವ ಮುಂಚೆ ಮುಚ್ಚದಿದ್ದರೆ ದನಿಯೆಲ್ಲ ಮೂಗಿಗೆ ಹೋಗಿಬಿಡುತ್ತದೆ ಎಂದು ಡಾಕ್ಟರ್ ಹೇಳಿ ಕಳಿಸಿದರು. ಅದನ್ನು ಕೇಳಿಯೂ ಅಜ್ಜಿ ತಲೆ ಆಡಿಸಲಿಲ್ಲ.

ಹೋದ ವಾರ ಸುಗಂಧಕ್ಕ ಬಂದು ಮುಕ್ತಾಳನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿದಳು. ‘ಆಕಿ ಏನಂತಾಳ ಕೇಳು’ ಎಂದಳು. ಮುಕ್ತಾ ಅಮ್ಮಮ್ಮ ಎಂದಳು, ನನ್ನನ್ನ ಎಂದಳು. ಅದೇ ವಯಸ್ಸಿನ ಎದುರುಮನೆಯ ಕೂಸು ಬಬ್ಬಬ್ಬ, ದದ್ದದ್ದ ಎಂದು ಓಣಿಯನ್ನೇ ಎಬ್ಬಿಸುತ್ತದೆ. ಅದರಲ್ಲೇನಿದೆ ಎಂದು ಅಜ್ಜಿಗೆ ತಿಳಿಯಲಿಲ್ಲ. ಆಗ ಅಕ್ಕ, ‘ಬಾಯಿಮಾತು ಬಾಯಿಮಾತು ಅಂತೀಯಲ್ಲ ಅಜ್ಜಿ, ನೀ ಒಮ್ಮೆ ಮೂಗಿಂದ ಗಾಳಿ ಬಿಟಗೋತ ಬ್ಯಾಡ ಅಂತ ಅಂದು ತೋರಸು’ ಎಂದಳು. ಅಜ್ಜಿ ಹಠಕ್ಕೆ ಬಿದ್ದು ಪ್ರಯತ್ನಿಸಿದಳು. ಮ್ಯಾನ ಎಂದು ಬಂತು. ಮತ್ತೊಮ್ಮೆ ಅಂದಳು, ಮತ್ತೆ ಹಾಗೇ. ಎದುರುಮನೆಯ ಮುದುಕಿ ಕಟ್ಟೆಯಿಂದ, ‘ಯಾಕವಾ, ಮೇಕಿ ಕಟ್ಟೀರೇನ ಮನ್ಯಾಗ?’ ಎಂದು ಕೂಗಿದಳು. ‘ಬಾಯಿ ತುಂಬ ಗಾಳಿ ಹಿಡೀಲಿಕ್ಕೆ ಅಂಗುಳ ಬೇಕು’ ಎಂದಳು ಅಕ್ಕ. ‘ನನ್ನ ಮಾತು ನಾ ಹೇಳೀನಿ, ನೀವೆಲ್ಲಾ ಕೇಳೀರಿ. ಆಕಿ ನಾಳೆ ಬೇಕು ಅನ್ನಲಿ, ಬ್ಯಾಡ ಅನ್ನಲಿ, ನಮಗ ಬೈಯಲಿ. ಬೈಯಾಕರ ಬಾಯಿ ಕೊಡೂಣು.’

ಅಜ್ಜಿ ಕೂಸಿನ ಗದ್ದ ಎತ್ತಿ ತುಟಿ ನೋಡಿದಳು. ಆಮೇಲೆ ನಿಮ್ಮ ಸನ್ನಿಧಿಯ ವಿಷಯ ಎತ್ತಿದಳು. ಸಣ್ಣವಳಿದ್ದಾಗ ತನ್ನ ಆ ಅಜ್ಜಿಯ ಪಕ್ಕದಲ್ಲಿ ಮಲಗಿ, ಅವಳ ತುಟಿಯ ಮೇಲಿನ ಸಣ್ಣ ಗೆರೆಯನ್ನು ಬೆರಳಿನಿಂದ ಮುಟ್ಟುತ್ತಿದ್ದಳಂತೆ. ‘ಆಕಿ ಇಡೀ ಓಣಿಗೆ ಕೇಳೂ ಹಂಗ ಬೈತಿದ್ದಳು’ ಎಂದಳು. ಅಷ್ಟೇ ಅವಳ ಒಪ್ಪಿಗೆ. ಒಂದು ಷರತ್ತು ಮಾತ್ರ ಹಾಕಿದಳು, ಅದನ್ನು ಡಾಕ್ಟರ್ ನದಾಫ್ ಅವರಿಗೂ ಸ್ವತಃ ಹೋಗಿ ಹೇಳಿದಳು: ಮುಚ್ಚಬೇಕಾದ್ದನ್ನು ಮುಚ್ಚಿ, ಮೂಗಿನ ತಂಟೆಗೆ ಹೋಗಬೇಡಿ. ಈಗ ಹೊಲಿಯುವುದು ನೂಲುಕೈ ಎಂಬ ಯಂತ್ರ, ಡಾಕ್ಟರು ಪಕ್ಕದಲ್ಲಿ ಕೂತು ನಡೆಸುತ್ತಾರೆ. ಅದು ಬೇಕೆಂದರೆ ಕಲೆಯೇ ಕಾಣದಂತೆ ಹೊಲಿಯುತ್ತದೆ. ‘ಗೆರಿ ಉಳಸೂದೇನವಾ, ಅಳಸೂದೇನು?’ ಎಂದು ಡಾಕ್ಟರ್ ನನ್ನನ್ನು ಕೇಳಿದರು. ಉಳಿಸಿ ಎಂದೆ. ಅಳಿಸಬೇಕೆಂದು ಮುಂದೆ ಅವಳೇ ಹೇಳಿದರೆ ಅಳಿಸಲಿ. ಹೇಳಿದ್ದು ಸರಿಯೋ ತಪ್ಪೋ, ಆ ಹೊತ್ತಿನಿಂದ ಅದೇ ತಲೆಯಲ್ಲಿ ತಿರುಗುತ್ತಿದೆ.

ಇವತ್ತು ಬೆಳಿಗ್ಗೆ ಮಾರಿ ತೊಳೆದೆವು. ನಾಳೆ ಬೆಳಿಗ್ಗೆ ಮುಖಶಾಲೆ. ತುಟಿ, ಅಂಗುಳ, ಎರಡನ್ನೂ ಒಟ್ಟಿಗೆ ಮುಚ್ಚುತ್ತಾರಂತೆ. ಅಜ್ಜಿ ಮೊದಲು ತೊಳೆದಳು, ಈರಣ್ಣ ತೊಳೆದ, ಅಕ್ಕ ತೊಳೆದಳು, ಕೊನೆಗೆ ನಾನು. ಒಡೆಯಳ ಮಾತಿಗಾಗಿ ಎಲ್ಲರೂ ಸುಮ್ಮನೆ ನಿಂತೆವು, ವಾಡಿಕೆಯಂತೆ. ಬೆಚ್ಚನೆ ನೀರು ಕೆನ್ನೆಯಿಂದ ಇಳಿದದ್ದೇ ಅವಳು ನಕ್ಕಳು. ಆ ನಗುವನ್ನು ನಿಮಗೆ ವಿವರಿಸಬೇಕಿಲ್ಲ, ಜಗತ್ತಿನಲ್ಲಿ ಅದನ್ನು ಬಲ್ಲವರು ನೀವೊಬ್ಬರು. ಸೀಳಿನ ಎರಡೂ ಬದಿ ಅಗಲವಾಗಿ ಸರಿದು, ಮುಖವೇ ಬಾಗಿಲು ತೆರೆದಂತಾಗುತ್ತದೆ. ಹುಟ್ಟಿದ ದಿನ ಆ ಸೀಳನ್ನು ನೋಡಲಾರದೆ ಗೋಡೆಯ ಕಡೆ ತಿರುಗಿ ಮಲಗಿದ್ದವಳು ನಾನು. ಈಗ ನಾಳೆಯಿಂದ ಆ ನಗು ಇರುವುದಿಲ್ಲವೆಂದು, ನೀರು ಆರುವವರೆಗೂ ಮತ್ತೆ ಮತ್ತೆ ಕೆನ್ನೆಗೆ ಮುಟ್ಟಿಸಿ ನಗಿಸಿದೆ. ಮುಚ್ಚಲೇಬೇಕು, ಮುಚ್ಚಿಸುತ್ತೇನೆ, ಆ ಬಗ್ಗೆ ಇನ್ನು ಎರಡು ಮಾತಿಲ್ಲ. ಆದರೆ ಕೂಸಿನ ಉಸಿರು ಕಟ್ಟೀತೆಂದು ಅಚ್ಚು ತೆಗೆಯುವಂತಿಲ್ಲ, ಬಾಯಿಮಾತಿಲ್ಲದೆ ಚಿತ್ರ ತೆಗೆಯುವಂತಿಲ್ಲ. ನಾಳೆಯಾದ ಮೇಲೆ ಆ ನಗು ನನ್ನ ಕಣ್ಣಿನಲ್ಲಿ ಮಾತ್ರ ಇರುತ್ತದೆ, ನನ್ನ ಕಣ್ಣುಗಳೋ ನಿದ್ದೆಯಿಲ್ಲದೆ ಉರಿಯುತ್ತಿವೆ.

ಅದಕ್ಕೇ ನಿಮ್ಮಲ್ಲಿ ಒಂದು ಬೇಡಿಕೆ. ಅಟ್ಟದ ಮೇಲೆ ನಿಮ್ಮ ಕಾಲದ ಫೋಟೊಗಳ ಪೆಟ್ಟಿಗೆಯಿದೆ. ಸನ್ನಿಧಿ ತುಟಿಯ ಮೇಲೆ ಗೆರೆ ಇಟ್ಟುಕೊಂಡು ಶಾಲೆಯ ಚೀಲ ಹೊತ್ತು ನಿಂತದ್ದಿದೆ, ಮದುವೆಯದಿದೆ, ಮೊಮ್ಮಕ್ಕಳ ನಡುವೆ ಕೂತದ್ದಿದೆ. ಅದಕ್ಕೂ ಮುಂಚಿನದು ಒಂದೂ ಇಲ್ಲ. ನಿಮ್ಮಲ್ಲಿ ಕೂಸಿನ ಚಿತ್ರ ತೆಗೆಯಲು ಯಾರನ್ನೂ ಕೇಳಬೇಕಿಲ್ಲವಂತೆ, ಸೀನಿದರೂ ತೆಗೆಯುತ್ತೀರಂತೆ. ನಿಮ್ಮ ಮಗಳನ್ನು ಮಾತ್ರ ಯಾಕೆ ಬಿಟ್ಟಿರಿ ಎಂದು ನಾನು ಕೇಳುವುದಿಲ್ಲ, ನನಗೆ ಗೊತ್ತು. ಆಪರೇಷನ್ ಆಗಲಿ, ಆಮೇಲೆ ತೆಗೆಸೋಣ ಎಂದು ಯಾರೋ ಹೇಳಿರುತ್ತಾರೆ. ನಿಮಗೂ ಅದೇ ಸರಿ ಅನಿಸಿರುತ್ತದೆ. ಹಾಗೆ ಮಾಡಬೇಡಿ. ಅವಳನ್ನು ಬೆಳಕಿಗೆ ಕೂರಿಸಿ, ಕೆನ್ನೆಗೆ ಒಂದಿಷ್ಟು ಬೆಚ್ಚನೆ ನೀರು ಮುಟ್ಟಿಸಿ, ನಕ್ಕಾಗ ಒಂದು ಫೋಟೊ ತೆಗೆಯಿರಿ. ಕಾಗದದ ಮೇಲೆ ಅಚ್ಚು ಹಾಕಿಸಿ. ಆ ಪೆಟ್ಟಿಗೆಯಲ್ಲಿಡಿ. ಮುಂದೆ ಅವಳಿಗೆ ಬೇಡವಾದರೆ ಅವಳೇ ಹರಿದು ಹಾಕಲಿ, ಅದು ಅವಳ ಹಕ್ಕು. ಹರಿಯದೆ ಬಿಟ್ಟರೆ ಅದು ನಮ್ಮವರೆಗೂ ಬರುತ್ತದೆ. ಮುಕ್ತಾ ದೊಡ್ಡವಳಾಗಿ, ನಾನು ಹುಟ್ಟಿದಾಗ ಹೇಗಿದ್ದೆ ಎಂದು ಒಳ್ಳೆಯ ಗಟ್ಟಿ ದನಿಯಲ್ಲಿ ಕೇಳಿದಾಗ ತೋರಿಸಲು ನನ್ನ ಕೈಯಲ್ಲಿ ಏನಾದರೂ ಇರುತ್ತದೆ.

ಬಾಗಿಲು ಮತ್ತೆ ಬಡಿಯಿತು, ಕೂಸು ಹೊರಳಿತು. ಇಲ್ಲಿಗೆ ಮುಗಿಸುತ್ತೇನೆ. ಸ್ವಲ್ಪ ಮಲಗಿ, ನೀವಾದರೂ.

ಈ ಕಾಗದ ತಲುಪಿ ನೀವು ನನ್ನ ಮಾತು ನಡೆಸಿದ್ದರೆ, ಆ ಫೋಟೊ ಇಷ್ಟು ಹೊತ್ತಿಗೆ ಪೆಟ್ಟಿಗೆಯಲ್ಲಿ ಬಂದು ಕೂತಿರಬೇಕು. ಇದನ್ನು ಅಂಚೆಗೆ ಹಾಕಿದವಳೇ, ಮುಕ್ತಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಟ್ಟ ಹತ್ತಿ ನೋಡುತ್ತೇನೆ.

ನಿಮ್ಮವಳು,
ಮಹಾನಂದಾ