ಅಕ್ಕನಿಗಾಗಿ ಓದಿದ ಚೀಟಿ

ಅಪ್ಪಾ,

ಸತ್ತವರಿಗೆ ಕಾಗದ ಬರೆಯುವುದು ದಂಡವೆಂದು ಗೊತ್ತು. ಬದುಕಿದ್ದಾಗಲೂ ನೀವು ನನ್ನ ಮಾತು ಕೇಳಿದವರಲ್ಲ, ಹಾಗಾಗಿ ಹೆಚ್ಚು ವ್ಯತ್ಯಾಸವಿಲ್ಲ.

ಇವತ್ತು ಬೆಳಿಗ್ಗೆ ಅಕ್ಕ ಚರ್ಚಿನ ಆರಾಧನೆಗೆ ಬಂದಿದ್ದಳು, ಹನ್ನೊಂದು ವರ್ಷದ ಮೇಲೆ. ಗಂಡನ ಏಟು ತಾಳಲಾರದೆ ಅವಳು ಮನೆಗೆ ಬಂದಾಗ, ಸಭೆಯ ಹಿರಿಯರಾದ ನೀವು ಅದನ್ನು ಪ್ರಾರ್ಥನೆಯ ಚೀಟಿಯಲ್ಲಿ ಬರೆದು ಎಲ್ಲರೆದುರು ಓದಿದಿರಿ. "ಗಂಡನನ್ನು ಬಿಟ್ಟು ಬಂದ ನನ್ನ ಮಗಳಿಗೆ ದೇವರು ತಗ್ಗಿ ಬಾಳುವ ಮನಸ್ಸು ಕೊಡಲಿ." ಆಮೇಲೆ ಅವಳು ಆ ಬಾಗಿಲು ತುಳಿದಿರಲಿಲ್ಲ. ಈಗ ಯಾರೂ ಹಾಗೆ ಮಾಡುವುದಿಲ್ಲವೆಂದು ಮಾತು ಕೊಟ್ಟು, ಕಾಡಿ ಬೇಡಿ ನಾನೇ ಕರೆದುಕೊಂಡು ಹೋಗಿದ್ದೆ.

ಚೀಟಿ ಓದುವ ಕೆಲಸ ಈಗ ನಿಮ್ಮ ಶಿಷ್ಯನದು, ಆ ಕನ್ನಡಕದ ಅಂಗಡಿಯವನದು. ಇದ್ದ ಚೀಟಿಗಳನ್ನೆಲ್ಲ ಓದಿ ಮುಗಿಸಿ, ನಮ್ಮ ಬೆಂಚಿನ ಕಡೆ ನೋಡಿ ನಕ್ಕ.

"ದಾರಿ ತಪ್ಪಿದ್ದ ತಂಗಿ ಇವತ್ತು ವಾಪಸ್ ಬಂದಿದ್ದಾಳೆ. ಅವಳ ಸಂಸಾರ ಸರಿಹೋಗಲಿ ಅಂತ ಬೇಡಿಕೊಳ್ಳೋಣ."

ನಿಮ್ಮದೇ ರಾಗ, ನಡುವೆ ನಿಮ್ಮದೇ ಕೆಮ್ಮು.

ಅಕ್ಕ ಎದ್ದು ನಿಂತಳು. "ಅಣ್ಣಾ, ದೇವರ ಹತ್ರ ನಾನು ದಿನಾ ಮಾತಾಡ್ತೀನಿ. ನಿಮ್ಮ ಶಿಫಾರಸು ಬೇಕಾಗಿಲ್ಲ." ಚೀಲ ತೆಗೆದುಕೊಂಡು ಹೊರಟಳು. ಅವನು ಪ್ರಾರ್ಥನೆ ನಿಲ್ಲಿಸಲಿಲ್ಲ, ಇನ್ನಷ್ಟು ಎಳೆದ. ಸಭೆ ಆಮೆನ್ ಅಂದಿತು.

ನಿಮ್ಮನ್ನು ನಾನು ಕ್ಷಮಿಸಿಲ್ಲ. ಕ್ಷಮಿಸಬೇಕೆಂದು ಕಲಿಸಿದವರು ನೀವೇ. ಪ್ರಾರ್ಥನೆಯ ನಡುವೆ ಎದ್ದು ಹೋಗಬಾರದೆಂದೂ ಕಲಿಸಿದ್ದಿರಿ. ಅದೊಂದನ್ನು ಇವತ್ತು ಚಾಚೂ ತಪ್ಪದೆ ಪಾಲಿಸಿದೆ. ನಾನು ಹೊರಗೆ ಬರುವಷ್ಟರಲ್ಲಿ ಅಕ್ಕನ ಬಸ್ಸು ಹೋಗಿತ್ತು.